ಅಂಕಿತವಿಲ್ಲದ ಹಾಡುಗಾರ್ತಿ

(ಮುಂಬಯಿಯ ಮಾಟುಂಗದಲ್ಲಿ ಕನ್ನಡ ಮಹಿಳೆಯರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

36 ವರ್ಷ ನಾನು ಫೋರ್ಟ್ ಪ್ರದೇಶದ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡಿದೆ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು, ಆಗ ವಿ.ಟಿ. ಎನ್ನುತ್ತಿದ್ದ ನಿಲ್ದಾಣದಲ್ಲಿ ಇಳಿದು, ಡಿ.ಎನ್. ರಸ್ತೆಯ ಕಮಾನುಗಳ ನೆರಳಿನಲ್ಲಿ ನಡೆದು ಹೋಗುತ್ತಿದ್ದೆ. ಆ ಭಾಗದಲ್ಲಿ ವಾಲೇಸ್ ಬೀದಿ ಎಂಬ ಸಣ್ಣ ಬೀದಿಯೊಂದಿದೆ. ನಿಮ್ಮಲ್ಲಿ ಫೋರ್ಟಿನಲ್ಲಿ ದುಡಿದವರಿಗೆ ಗೊತ್ತಿರುತ್ತದೆ. ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಹಳೆಯ ಕಂಪನಿಯ ಕಚೇರಿ ಇರುವುದು ಅಲ್ಲಿಯೇ. ಆ ಹೆಸರನ್ನು ಎಷ್ಟು ಸಾವಿರ ಸಲ ಓದಿದ್ದೇನೋ ಲೆಕ್ಕವಿಲ್ಲ. ಬರ್ಮಾ ಎಂದರೆ ತೇಗ, ತೇಗವೆಂದರೆ ನಮ್ಮ ಊರಿನ ಹಳೆಯ ಮನೆಗಳ ಬಾಗಿಲು, ಅಷ್ಟೇ ನನ್ನ ಮನಸ್ಸಿಗೆ ಬರುತ್ತಿದ್ದದ್ದು. ಅಲ್ಲಿಂದ ಒಂದು ಹಾಡು ನನ್ನ ಕಡೆಗೆ ಬರುತ್ತದೆ ಎಂದು ಯಾರು ಎಣಿಸಿಯಾರು?

ಹೋದ ಮಳೆಗಾಲದಲ್ಲಿ ನನ್ನ ತಂಗಿಯ ಮಗ ಪುಣೆಯಿಂದ ಬಂದಿದ್ದ. ಅಲ್ಲಿ ಓದುತ್ತಾನೆ, ಗಿಟಾರ್ ನುಡಿಸುತ್ತಾನೆ. ಹಳಿಯ ಮೇಲೆ ನೀರು ನಿಂತು ಮೂರು ದಿನ ನಮ್ಮ ಮನೆಯಲ್ಲೇ ಉಳಿದ. ಪ್ರತಿ ಹಾಡಿಗೂ ತಂತಿಗಳನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿಯುತ್ತಿದ್ದ. ಏಕೆಂದು ಕೇಳಿದೆ. “ದೊಡ್ಡಾಯಿ, ಈ ಹಾಡುಗಳನ್ನು ಕಟ್ಟಿದವನು ಹಾಗೆ ನುಡಿಸುತ್ತಿದ್ದ. ಒಂದೊಂದು ಹಾಡಿಗೆ ಒಂದೊಂದು ಶ್ರುತಿ” ಎಂದ. ಪಂಚಮವಿಲ್ಲದ ರಾಗ ಬಂದಾಗ ನಮ್ಮಲ್ಲಿ ತಂಬೂರಿಯ ತಂತಿಯನ್ನು ಮಧ್ಯಮಕ್ಕೆ ಇಳಿಸುವುದಿಲ್ಲವೇ, ಆ ಬಗೆಯದು ಎಂದುಕೊಂಡೆ. ಹಾಡುಗಾರನ ಹೆಸರು ನಿಕ್ ಡ್ರೇಕ್. “ಇವನ ಅಪ್ಪ ನಿಮ್ಮ ಫೋರ್ಟಿನ ಕಂಪನಿಯವರೇ” ಎಂದು ಹುಡುಗ ಸೇರಿಸಿದ. ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ.

ನಿಕ್ ಡ್ರೇಕ್ ಇಂಗ್ಲೆಂಡಿನ ಹುಡುಗ, ಹುಟ್ಟಿದ್ದು 1948ರಲ್ಲಿ ರಂಗೂನಿನಲ್ಲಿ. 1969ರಿಂದ 1972ರ ನಡುವೆ ಮೂರು ಆಲ್ಬಮ್‌ಗಳು ಬಂದವು. ಕೊಂಡವರು ತೀರಾ ಕಡಿಮೆ. ಸಂಗೀತ ಕಚೇರಿಗಳನ್ನೂ ಹೆಚ್ಚು ಕೊಡಲಿಲ್ಲ. 1974ರ ನವೆಂಬರ್ 25ರಂದು, 26ನೆಯ ವಯಸ್ಸಿನಲ್ಲಿ, ತಂದೆ ತಾಯಿಯ ಮನೆಯಲ್ಲೇ ತೀರಿಕೊಂಡ. ಕಾಲು ಶತಮಾನ ಕಳೆದು, 1999ರ ಕೊನೆಯಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಕಾರಿನ ಜಾಹೀರಾತೊಂದಕ್ಕೆ ಅವನ ಹಾಡನ್ನು ಬಳಸಿದರು. ಆ ಮೇಲೆ ಜಗತ್ತು ಅವನನ್ನು ಹುಡುಕಿಕೊಂಡು ಬಂತು. ಅವನ ಕೊನೆಯ ಆಲ್ಬಮ್ ‘ಪಿಂಕ್ ಮೂನ್’ ಅನ್ನು ನಾನು ಕೇಳಿದ್ದು ಇಲ್ಲಿಗೆ ಬರುವ ಸ್ಲೋ ಲೋಕಲ್‌ನಲ್ಲಿ. ಇಡೀ ಆಲ್ಬಮ್ 28 ನಿಮಿಷ. ಡೊಂಬಿವಲಿಯಲ್ಲಿ ಶುರುವಾದದ್ದು ಮುಲುಂಡ್ ಬರುವಷ್ಟರಲ್ಲಿ ಮುಗಿಯಿತು. ಎರಡು ರಾತ್ರಿ, ಸ್ಟುಡಿಯೋದಲ್ಲಿ ಅವನು ಮತ್ತು ಧ್ವನಿಮುದ್ರಣದ ತಂತ್ರಜ್ಞ ಇಬ್ಬರೇ ಕುಳಿತು ಮಾಡಿದ್ದಂತೆ. ಗಿಟಾರ್, ಕೊರಳು, ಒಂದು ಹಾಡಿನಲ್ಲಿ ಮಾತ್ರ ಪಿಯಾನೋದ ನಾಲ್ಕು ಹನಿ.

ಚೆನ್ನಾಗಿತ್ತು. ಆದರೆ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಈ ಹುಡುಗನ ಕೊರಳಿನಲ್ಲಿ ಯಾರೋ ಹಿರಿಯರು ಕೂತಿದ್ದಾರೆ ಅನ್ನಿಸುತ್ತಿತ್ತು. ಹಾಡು ಹೇಳಿಸಿಕೊಂಡು ಬೆಳೆದ ಮಕ್ಕಳ ಉಸಿರನ್ನು ನಾವು ಗುರುತಿಸುತ್ತೇವೆ, ಅಲ್ಲವೇ? ಮನೆಗೆ ಹೋಗಿ ಕೇಳಿದೆ: “ಇವನ ತಾಯಿ ಏನು ಮಾಡುತ್ತಿದ್ದರು?” ಹುಡುಗ ಫೋನಿನಲ್ಲಿ ಹುಡುಕಿ ಒಂದು ಹಾಡು ಹಾಕಿದ.

ಇನ್ನು ನಾನು ಹೇಳಬೇಕೆಂದು ಬಂದಿರುವುದು ಈ ತಾಯಿಯ ವಿಷಯ. ಮೊಲ್ಲಿ ಡ್ರೇಕ್.

ಪಿಯಾನೋ ಮತ್ತು ಒಂದು ಹೆಂಗಸಿನ ದನಿ. ಬೇರೆ ಏನೂ ಇಲ್ಲ. ದನಿ ಎತ್ತರಕ್ಕೆ ಹೋಗುವುದಿಲ್ಲ, ತೋರಿಸಿಕೊಳ್ಳುವುದಿಲ್ಲ. ಮಕ್ಕಳು ಮಲಗಿದ್ದಾರೆ, ಎಚ್ಚರವಾಗದಿರಲಿ ಎನ್ನುವ ಹದದಲ್ಲಿ ಹಾಡುತ್ತಾಳೆ. ನನ್ನ ಇಂಗ್ಲಿಷ್ ಪಾಲಿಸಿ ಕಾಗದಗಳ ಇಂಗ್ಲಿಷ್, ಆಕೆಯದು ಹಳೆಯ ಕಾಲದ ದೊಡ್ಡ ಮನೆಗಳ ಉಚ್ಚಾರ. ಮೂರು ಸಲ ಕೇಳಬೇಕಾಯಿತು. ಹಾಡಿನ ಹೆಸರು ‘ಐ ರಿಮೆಂಬರ್’, ನನಗೆ ನೆನಪಿದೆ ಎಂದು. ಗಂಡು ಹೆಣ್ಣು ಇಬ್ಬರು ಏಪ್ರಿಲ್ ತಿಂಗಳ ಮಳೆಯಲ್ಲಿ ಬಯಲು ಸುತ್ತಿ, ಒಂದು ಸಣ್ಣ ಹೋಟೆಲು ಹೊಕ್ಕು, ಚಹಾ ಕುಡಿಯುತ್ತಾರೆ. ಆ ದಿನದ್ದು ಅವಳಿಗೆ ನೆನಪಿರುವುದು ಒಲೆಯ ಬೆಂಕಿಯ ಬೆಳಕು. ಅವನಿಗೆ ನೆನಪಿರುವುದು ಹೊಗೆ. ಹೀಗೆಯೇ ಹಾಡು ಮುಂದುವರಿಯುತ್ತದೆ, ಒಂದೇ ದಿನ, ಎರಡು ನೆನಪು. ಕೊನೆಗೆ, ಯಾವ ಜೋರೂ ಇಲ್ಲದೆ, ‘ನಾವು’ ಎಂದು ನಾನು ತಿಳಿದಿದ್ದೆ, ಇದ್ದದ್ದು ನೀನು ಮತ್ತು ನಾನು ಎನ್ನುತ್ತಾಳೆ.

ನನ್ನ ಕೈಯಲ್ಲಿ ಬಸಳೆಯ ದಂಟು ಹಾಗೆಯೇ ಇತ್ತು. ನಮ್ಮ ಕುಮಟಾ ಕಡೆಯ ಮನೆಯ ಬಚ್ಚಲೊಲೆ ನೆನಪಾಯಿತು. ಮಳೆಗಾಲದ ಮುಂಜಾನೆ ಆ ಒಲೆಯ ಮುಂದೆ ಮಕ್ಕಳು ನಾವೆಲ್ಲ ಅಂಗೈ ಕಾಯಿಸುತ್ತಾ ಕೂರುತ್ತಿದ್ದೆವು. ಅದನ್ನು ನೆನೆದು ತಂಗಿ ಮತ್ತು ನಾನು ಈಗಲೂ ಸುಖಪಡುತ್ತೇವೆ. ಹಸಿ ಕಟ್ಟಿಗೆಯನ್ನು ಊದಿ ಊದಿ ಹೊತ್ತಿಸುತ್ತಿದ್ದವಳು ಆಯಿ, ಅಂದರೆ ನಮ್ಮ ಅಮ್ಮ. ನಮಗೆ ಬೆಂಕಿ, ಅವಳಿಗೆ ಹೊಗೆ. 60 ದಾಟಿದ ಮೇಲೆ, ಡೊಂಬಿವಲಿಯ ಅಡುಗೆಮನೆಯಲ್ಲಿ, ಇಂಗ್ಲೆಂಡಿನ ಒಬ್ಬ ಹೆಂಗಸು ನನಗೆ ಇದನ್ನು ತಿಳಿಸಿಕೊಟ್ಟಳು.

ಆಕೆ ಹುಟ್ಟಿದ್ದು ಕೂಡ ರಂಗೂನಿನಲ್ಲಿಯೇ, 1915ರಲ್ಲಿ. ತೇಗದ ಕಂಪನಿಯ ಎಂಜಿನಿಯರ್ ರಾಡ್ನಿ ಡ್ರೇಕ್ ಅವರನ್ನು 1937ರಲ್ಲಿ ಮದುವೆಯಾದಳು. ಕಂಪನಿ ಎಂದರೆ ನಾನು ಹೇಳಿದ ಆ ವಾಲೇಸ್ ಬೀದಿಯದೇ. ವಾಲೇಸ್ ಸಹೋದರರು 1863ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಕಂಪನಿ ಅದು.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ, ಏಕೆಂದರೆ ನೀವೆಲ್ಲ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರು. ಈ ಕಂಪನಿ ತಾನು ಸಾಗಿಸಿದ ತೇಗದ ದಿಮ್ಮಿಗಳ ಲೆಕ್ಕವನ್ನು ಕಡಿಮೆ ತೋರಿಸಿದೆ ಎಂದು 1885ರಲ್ಲಿ ಬರ್ಮಾದ ರಾಜಸಭೆ ದೊಡ್ಡ ದಂಡ ಹಾಕಿತು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಯುದ್ಧಕ್ಕೆ ಹೋದರು, ರಾಜ ಥೀಬಾನನ್ನು ಇಳಿಸಿದರು, ಕುಟುಂಬ ಸಮೇತ ತಂದು ರತ್ನಾಗಿರಿಯಲ್ಲಿ ಇರಿಸಿದರು. ಅವನು 1916ರಲ್ಲಿ ಅಲ್ಲಿಯೇ ಸತ್ತ. ಅವನಿಗೆಂದು ಕಟ್ಟಿದ ಅರಮನೆ ಇಂದಿಗೂ ರತ್ನಾಗಿರಿಯಲ್ಲಿದೆ. ಕತ್ತಲಾದ ಮೇಲೆ ಆ ನಿಲ್ದಾಣದಲ್ಲಿ ಗಾಡಿ ನಿಂತಾಗ ನಾವು ಊಟದ ಡಬ್ಬಿ ಬಿಚ್ಚುತ್ತಿರುತ್ತೇವೆ. ದಿಮ್ಮಿಗಳ ಲೆಕ್ಕದಿಂದ ಒಬ್ಬ ರಾಜ ನಮ್ಮ ಕರಾವಳಿಗೆ ಬಂದ. ಅದೇ ದಿಮ್ಮಿಗಳ ಕಂಪನಿಯ ಎಂಜಿನಿಯರ್ ಒಬ್ಬರ ಮನೆಯಲ್ಲಿ ಒಬ್ಬ ಹೆಂಗಸು ಹಾಡು ಕಟ್ಟಿದಳು. ಎರಡಕ್ಕೂ ನಮ್ಮ ಫೋರ್ಟಿನ ಬೀದಿಯೊಂದರ ನಂಟು. ಇದನ್ನು ತಿಳಿದ ಮೇಲೆ ರತ್ನಾಗಿರಿ ಬಂದಾಗ ನಾನು ಕಿಟಕಿಯ ಆಚೆ ನೋಡದೆ ಇರಲಾರೆ.

1942ರಲ್ಲಿ ಜಪಾನಿನ ಸೈನ್ಯ ರಂಗೂನನ್ನು ಹಿಡಿದಾಗ ಮೊಲ್ಲಿ ತನ್ನ ಸೋದರಿಯ ಜೊತೆ ತಪ್ಪಿಸಿಕೊಂಡು ದೆಹಲಿ ಸೇರಿದಳು. ಅಲ್ಲಿ ಅಕ್ಕತಂಗಿಯರಿಬ್ಬರೂ ಆಕಾಶವಾಣಿಯಲ್ಲಿ ಹಾಡಿದರು, ‘ಲಾಯ್ಡ್ ಸಿಸ್ಟರ್ಸ್’ ಎಂಬ ಹೆಸರಿನಲ್ಲಿ. ಯೋಚಿಸಿ, ನಮ್ಮ ಹಿರಿಯರ ಮನೆಯ ರೇಡಿಯೋದಲ್ಲಿ ಆ ದನಿ ಒಂದು ಸಲ ಹಾದುಹೋಗಿರಬಹುದು. ಮಗಳು ಗೇಬ್ರಿಯಲ್ ಹುಟ್ಟಿದ್ದು 1944ರಲ್ಲಿ ಲಾಹೋರಿನಲ್ಲಿ. ಮುಂದೆ ಹೆಸರಾಂತ ನಟಿಯಾದಳು. 1950ರ ದಶಕದ ಮೊದಲಲ್ಲಿ ಸಂಸಾರ ಇಂಗ್ಲೆಂಡಿಗೆ ಮರಳಿತು, ಒಂದು ಹಳ್ಳಿಯಲ್ಲಿ ನೆಲೆಸಿತು.

ಮೊಲ್ಲಿ ಆ ಮನೆಯ ಪಿಯಾನೋದ ಮುಂದೆ ಕುಳಿತು ಹಾಡು ಕಟ್ಟುತ್ತಿದ್ದಳು. ಗಂಡ ಎಂಜಿನಿಯರ್ ಅಲ್ಲವೇ, ದೊಡ್ಡ ಚಕ್ರಗಳ ಟೇಪ್ ರೆಕಾರ್ಡರ್ ತಂದು ಅವಳ ಹಾಡುಗಳನ್ನು ಮುದ್ರಿಸಿಕೊಂಡರು. ಅಚ್ಚು ಹಾಕಿಸಬೇಕೆಂದಲ್ಲ, ಮಾರಬೇಕೆಂದಲ್ಲ. ಮನೆಯಲ್ಲಿ ಇರಲಿ ಎಂದು. ಈ ಮಾತಿನ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹೆಂಡತಿ ಹಾಡುವಾಗ ಎದ್ದು ಹೋಗದೆ, ಯಂತ್ರದ ಚಕ್ರ ತಿರುಗಿಸಿ, ಮುಗಿಯುವವರೆಗೂ ಸದ್ದು ಮಾಡದೆ ಕುಳಿತ ಗಂಡಸು. ಅವರು ಹಾಗೆ ಕೂರದೆ ಇದ್ದಿದ್ದರೆ ನನ್ನವರೆಗೆ ಏನೂ ಬರುತ್ತಿರಲಿಲ್ಲ. ಹಾಡು ಕಟ್ಟಿದವರಿಗೆ ಕೈಮುಗಿಯುವಾಗ ನಾನು ಅವರಿಗೂ ಮುಗಿಯುತ್ತೇನೆ.

ಮೊಲ್ಲಿ 1993ರಲ್ಲಿ ತೀರಿಕೊಂಡಳು. ಬದುಕಿದ್ದಾಗ ಈ ಹಾಡುಗಳಲ್ಲಿ ಒಂದೂ ಆಲ್ಬಮ್ ಆಗಿ ಹೊರಬರಲಿಲ್ಲ. 2007ರಲ್ಲಿ ಮಗನ ಮನೆಯ ಮುದ್ರಣಗಳ ಸಂಗ್ರಹ ಬಂದಾಗ ಅದರಲ್ಲಿ ತಾಯಿಯ ಎರಡು ಹಾಡು ಸೇರಿಕೊಂಡವು. 2013ರಲ್ಲಿ ಅವಳದೇ ಹೆಸರಿನ ಆಲ್ಬಮ್, 19 ಹಾಡು. ಬಹಳಷ್ಟು ಹಾಡುಗಳು ಎರಡು ನಿಮಿಷದ ಆಸುಪಾಸು. ಸುಖವನ್ನು ಇಪ್ಪತ್ತು ರೆಕ್ಕೆಯ ಹಕ್ಕಿಗೆ ಹೋಲಿಸುವ ಹಾಡೊಂದಿದೆ. ‘ಲಿಟಲ್ ವೀವರ್ ಬರ್ಡ್’ ಎಂದು ಇನ್ನೊಂದು. ವೀವರ್ ಬರ್ಡ್ ಎಂದರೆ ನಮ್ಮ ಗೀಜಗ! ಇಂಗ್ಲೆಂಡಿನ ಚಳಿಯ ಹಳ್ಳಿಯಲ್ಲಿ ಗೀಜಗ ಎಲ್ಲಿಯದು? ಬರ್ಮಾದ ಗದ್ದೆ ಬಯಲಿನಿಂದ ಆಕೆಯ ಜೊತೆಗೆ ಬಂದ ಹಕ್ಕಿ ಅದು ಎಂದು ನಾನು ನಂಬಿದ್ದೇನೆ. ಹುಟ್ಟಿದ ಊರಿನ ಹಕ್ಕಿಯನ್ನು ಬೇರೆ ಊರಿನಲ್ಲಿ ಕರೆಯುವುದು ಮುಂಬಯಿಯಲ್ಲಿ ಕೂತ ನಮಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಮಗನಿಗೆ ‘ಪೂರ್ ಬಾಯ್’ ಎಂಬ ಹಾಡಿದೆ, ತಾಯಿಗೆ ‘ಪೂರ್ ಮಮ್’ ಎಂಬ ಹಾಡಿದೆ. ಪಾಪದ ಹುಡುಗ, ಪಾಪದ ಅಮ್ಮ. ಮಗನ ಹಾಡುಗಳ ಬೇರು ಎಲ್ಲಿತ್ತು ಎಂಬುದು ತಾಯಿಯ ಟೇಪುಗಳನ್ನು ಕೇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ತಂಗಿಯ ಮಗ ಎರಡನ್ನೂ ಒಂದರ ಹಿಂದೆ ಒಂದು ನುಡಿಸಿ ತೋರಿಸಿದ. ಪಿಯಾನೋದಲ್ಲಿ ಆಕೆ ಹಿಡಿಯುವ ಸ್ವರಗಳ ಗೊಂಚಲನ್ನು ಗಿಟಾರಿನಲ್ಲಿ ಸಿಗಿಸಿಕೊಳ್ಳಲು ಮಗ ಅಷ್ಟೆಲ್ಲ ತಂತಿ ಸಡಿಲಿಸುತ್ತಿದ್ದನೇ ಎಂದು ಅವನಿಗೆ ಅನುಮಾನ. ಇರಬಹುದು. ನನಗೆ ಗಿಟಾರ್ ತಿಳಿಯದು, ತಾಯಿಯ ಕೈರುಚಿಯನ್ನು ಬೇರೆ ಪಾತ್ರೆಯಲ್ಲಿ ತರಲು ಒದ್ದಾಡುವುದು ತಿಳಿಯುತ್ತದೆ.

ತಾನೇ ಬರೆದು, ತಾನೇ ಧಾಟಿ ಹಾಕಿ, ತಾನೇ ಹಾಡುವವರಿಗೆ ಇಂಗ್ಲಿಷಿನಲ್ಲಿ ಎರಡು ಪದ ಜೋಡಿಸಿ ಹೇಳುತ್ತಾರೆ. ನಮ್ಮಲ್ಲಿ ಒಂದೇ ಪದವಿದೆ: ವಾಗ್ಗೇಯಕಾರ. 13ನೆಯ ಶತಮಾನದಲ್ಲಿ ದೇವಗಿರಿಯಲ್ಲಿ, ಅಂದರೆ ಇದೇ ಮಹಾರಾಷ್ಟ್ರದ ದೌಲತಾಬಾದಿನಲ್ಲಿ, ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಈ ಪದವನ್ನು ವಿವರಿಸಿದ. ಹಾಡಿನ ಸಾಹಿತ್ಯಕ್ಕೆ ಅವನು ಬಳಸುವ ಹೆಸರು ‘ಮಾತು’, ಧಾಟಿಗೆ ‘ಧಾತು’. ಮಾತು ಧಾತು ಎರಡನ್ನೂ ಮಾಡಬಲ್ಲವನು ವಾಗ್ಗೇಯಕಾರ. ಆ ಪದ ಕೇಳಿದ ಕೂಡಲೇ ನಮಗೆ ಪುರಂದರದಾಸರು ಕಾಣುತ್ತಾರೆ, ತ್ಯಾಗರಾಜರು ಕಾಣುತ್ತಾರೆ. ಹೆಂಗಸರೂ ಇದ್ದಾರೆ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ. ಭೀಮವ್ವನ ಹಾಡು ಇಂದಿಗೂ ಶುಕ್ರವಾರದ ಪೂಜೆಯಲ್ಲಿ ಕೇಳಿಸುತ್ತದೆ, ಕೊನೆಯ ನುಡಿಯಲ್ಲಿ ‘ಭೀಮೇಶಕೃಷ್ಣ’ ಬಂದೇ ಬರುತ್ತದೆ. ಅದು ಅಂಕಿತ. ದೇವರ ಹೆಸರು ಹೌದು, ಹಾಡು ಕಟ್ಟಿದವಳ ವಿಳಾಸವೂ ಹೌದು.

ಅಂಕಿತ ಹಾಕದ ಹೆಂಗಸರ ಗತಿ ಏನು? ಒಲೆಯ ಮುಂದೆ, ಬೀಸುಕಲ್ಲಿನ ಮುಂದೆ, ಮದುವೆಯ ಎಣ್ಣೆ ಅರಿಶಿನದ ದಿನ ಹಾಡು ಕಟ್ಟಿದವರು? ಅದಕ್ಕೆಲ್ಲ ನಾವು ಜನಪದ ಎಂದು ಒಂದೇ ಹೆಸರು ಕೊಟ್ಟಿದ್ದೇವೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಪುಣ್ಯಾತ್ಮರಿಲ್ಲದಿದ್ದರೆ ಎಷ್ಟು ತ್ರಿಪದಿಗಳು ಮಣ್ಣಾಗುತ್ತಿದ್ದವೋ. ಹಾಡು ಉಳಿಯಿತು. ಕಟ್ಟಿದವಳು ಗರತಿಯಾಗಿಯೇ ಉಳಿದಳು. ಜನಪದ ಎಂದರೆ ಜನರೆಲ್ಲ ಸೇರಿ ಕಟ್ಟಿದ್ದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಜನರೆಲ್ಲ ಸೇರಿ ಹಾಡಬಹುದು. ಕಟ್ಟುವಾಗ ಒಬ್ಬಳೇ ಇರುತ್ತಾಳೆ, ಒಂದು ಸಂಜೆ ಇರುತ್ತದೆ, ಅವಳಿಗೆ ಒಂದು ಕಾರಣವಿರುತ್ತದೆ.

ನಮ್ಮ ನೆರೆಯ ಮರಾಠಿಯಲ್ಲಿ ಇದೇ ಬಗೆಯ ಕಥೆ ಇದೆ, ನಿಮ್ಮಲ್ಲಿ ಮರಾಠಿ ಶಾಲೆಗೆ ಹೋದವರು ಪಾಠದಲ್ಲಿ ಓದಿದ್ದೀರಿ. ಬಹಿಣಾಬಾಯಿ ಚೌಧರಿ, ಜಳಗಾವದ ಕಡೆಯ ರೈತ ಹೆಂಗಸು, 1880ರಲ್ಲಿ ಹುಟ್ಟಿದವರು. ಓದು ಬರಹವಿಲ್ಲ. ಬೀಸುವಾಗ, ಹೊಲದಲ್ಲಿ ದುಡಿಯುವಾಗ ಹಾಡು ಕಟ್ಟಿದರು. ಮಗ ಸೋಪಾನದೇವ ಸ್ವತಃ ಕವಿ. ಮನೆಯವರು ಆ ಹಾಡುಗಳನ್ನು ಬರೆದಿಟ್ಟುಕೊಂಡಿದ್ದರು. 1951ರಲ್ಲಿ ಬಹಿಣಾಬಾಯಿ ತೀರಿಕೊಂಡ ಮೇಲೆ ಮಗ ಆ ವಹಿಯನ್ನು ಮರಾಠಿಯ ಹೆಸರಾಂತ ಲೇಖಕ ಆಚಾರ್ಯ ಅತ್ರೆ ಅವರಿಗೆ ತೋರಿಸಿದರು. ಇದು ಅಚ್ಚಾಗಲೇಬೇಕೆಂದು ಅತ್ರೆ ಹಟ ಹಿಡಿದರು. 1952ರಲ್ಲಿ ಪುಸ್ತಕ ಬಂತು. ಇಂದು ಜಳಗಾವದ ವಿಶ್ವವಿದ್ಯಾಲಯಕ್ಕೆ ಆ ತಾಯಿಯ ಹೆಸರು. ಅಲ್ಲಿಯೂ ಮಗ ಕವಿ, ತಾಯಿಯ ಹಾಡು ಅವಳ ಕಾಲದ ನಂತರ. ಜಳಗಾವ ಎಲ್ಲಿ, ಮೊಲ್ಲಿಯ ಹಳ್ಳಿ ಎಲ್ಲಿ. ಒಬ್ಬರ ಬಳಿ ಬೀಸುಕಲ್ಲು, ಒಬ್ಬರ ಬಳಿ ಪಿಯಾನೋ. ಬಡತನ ಸಿರಿತನದ ಅಂತರ ಸಣ್ಣದಲ್ಲ, ಅದನ್ನು ನಾನು ಮರೆಯುವುದಿಲ್ಲ. ಆದರೆ ಇಬ್ಬರ ಹಾಡೂ ಮನೆಯ ಹೊಸಿಲಿನ ಒಳಗೆ ಅಷ್ಟು ಕಾಲ ನಿಂತಿತ್ತು.

ಈಗ ನನ್ನ ಮನೆಯ ಮಾತು. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯನ್ನು ಕಳಿಸುವಾಗ ಹೆಂಗಸರು ಒಂದು ಹಾಡು ಹೇಳುತ್ತಾರೆ. ತಂಗಿಯ ಮಗಳ ಮದುವೆಯಲ್ಲೂ ಹೇಳಿದರು. ಕೆಲವು ವರ್ಷಗಳ ಹಿಂದೆ ಹಾಡು ಸಂಗ್ರಹಿಸುವವರೊಬ್ಬರು ಊರಿಗೆ ಬಂದು ಅದನ್ನು ಬರೆದುಕೊಂಡು ಹೋಗಿದ್ದರು. ಕೆಳಗೆ ‘ಸಾಂಪ್ರದಾಯಿಕ’ ಎಂದು ಹಾಕಿ ಅಚ್ಚು ಮಾಡಿದರು. ನಾನೂ ಓದಿ ಹೆಮ್ಮೆಪಟ್ಟೆ. ಹಾಡಿನ ಒಂದು ನುಡಿ ಹೀಗಿದೆ:

ಕಣ್ಣೆರಡು ಹೊತ್ತಿಸಿ ಬಂದಿತು ಕೆಂಬಸ್ಸು
ಹೆಣ್ಣನ್ನು ಮುಂಬಯಿಗೆ ಕರೆದೊಯ್ದು – ತೋಟದ
ಹಣ್ಣಡಿಕೆಗೆಲ್ಲ ಇರುಳಾಯಿತು

ಕೆಂಪು ಬಸ್ಸು ಇರುವ ಹಾಡು ಎಷ್ಟು ಹಳೆಯದಿರಲು ಸಾಧ್ಯ? ಸಂಗ್ರಹಿಸಿದವರು ಕೇಳಲಿಲ್ಲ, ಅಚ್ಚು ಮಾಡಿದವರು ಕೇಳಲಿಲ್ಲ, ನಾನು ಕೇಳಲಿಲ್ಲ. ಮೊಲ್ಲಿಯ ಹಾಡು ಕೇಳಿದ ಮಾರನೆಯ ದಿನ ಆಯಿಗೆ ಫೋನ್ ಮಾಡಿದೆ. ಅವಳಿಗೆ ಈಗ 88. ಕಿವಿ ಚೆನ್ನಾಗಿದೆ.

“ಆಯಿ, ಆ ಕೆಂಪು ಬಸ್ಸಿನ ಹಾಡು ಯಾರು ಕಟ್ಟಿದ್ದು?”

“ಯಾರೆಂದರೆ? ನಾನೇ.”

“ಯಾವಾಗ?”

“ನಿನ್ನನ್ನು ಬಸ್ಸು ಹತ್ತಿಸಿ ಬಂದ ರಾತ್ರಿ. ನಿದ್ದೆ ಬರಲಿಲ್ಲ. ಅದನ್ನೇನು ಕೇಳುವುದು ಈಗ?”

1982ರ ಆ ರಾತ್ರಿ ನನಗೂ ನೆನಪಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಮಡಿಲಲ್ಲಿ ಹೊಸ ಚೀಲ, ಅದರಲ್ಲಿ ನೇಮಕಾತಿ ಪತ್ರ. ಊರಿನಿಂದ ಮುಂಬಯಿಗೆ ನೌಕರಿಗೆ ಹೊರಟ ಹುಡುಗಿಯ ಸಂತೋಷ ಎಷ್ಟಿತ್ತೆಂದರೆ ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆನೇ ಇಲ್ಲವೇ ಎಂದು ಹೇಳಲಾರೆ. ಆ ಬಸ್ಸಿನ ಎರಡು ದೀಪಗಳನ್ನು ನಾನು ಒಮ್ಮೆಯೂ ನೆನೆದಿಲ್ಲ. ಒಳಗೆ ಕುಳಿತವರಿಗೆ ಅವು ಕಾಣುವುದಿಲ್ಲ.

ಅಷ್ಟು ಮದುವೆಗಳಲ್ಲಿ ಆ ಹಾಡಿಗೆ ನಾನು ದನಿಗೂಡಿಸಿದ್ದೇನೆ.

ಡಿಸೆಂಬರಿನಲ್ಲಿ ತಂಗಿಯ ಮಗನನ್ನು ಕರೆದುಕೊಂಡು ಊರಿಗೆ ಹೋದೆ. ಮಧ್ಯಾಹ್ನದ ಊಟ ಮುಗಿದು, ಪಾತ್ರೆಯ ಸದ್ದು ನಿಂತ ಮೇಲೆ, ಜಗಲಿಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಮುದ್ರಿಸಿಕೊಂಡೆವು. ಹುಡುಗ ಗಿಟಾರನ್ನು ಆಯಿಯ ಶ್ರುತಿಗೆ ಸೇರಿಸಲು ನೋಡಿದ. ಆಯಿ ಸ್ವಲ್ಪ ಹೊತ್ತು ಕೇಳಿ, “ಬೇಡ ಮಗನೆ, ನನಗೆ ಮುಂದಿನ ಸಾಲು ತಪ್ಪುತ್ತದೆ” ಎಂದಳು. ಬರಿಯ ದನಿಯನ್ನೇ ಹಿಡಿದೆವು. ಪ್ರತಿ ಹಾಡಿನ ಮುಂದೆ ನಾನು ಒಂದು ವಹಿಯಲ್ಲಿ ಬರೆದುಕೊಂಡೆ: ಯಾವ ವರ್ಷ, ಯಾವ ಕಾರಣಕ್ಕೆ, ಮೊದಲು ಯಾರ ಮುಂದೆ ಹಾಡಿದ್ದು. ವಿಮೆಯ ಕಚೇರಿಯಲ್ಲಿ 36 ವರ್ಷ ದಾಖಲೆ ಬರೆದ ಕೈ ಇದು, ಈ ಕೆಲಸಕ್ಕೆ ಒದಗಿತು. ತನ್ನದಲ್ಲದ ಹಾಡುಗಳನ್ನು ಆಯಿ ತಾನೇ ಬೇರೆ ಮಾಡಿ ಹೇಳಿದಳು. ಇದು ನನ್ನ ಅತ್ತೆಯದು, ಇದು ಕೆಳಗಿನ ಮನೆಯ ಹಿರಿಯಳದು, ಇದರ ಧಾಟಿ ಮಾತ್ರ ನನ್ನದು ಎಂದು. ಅವಳಿಗೆ ಎಲ್ಲರ ಅಂಕಿತವೂ ಗೊತ್ತಿತ್ತು. ನಾವು ಕೇಳಿರಲಿಲ್ಲ, ಅಷ್ಟೇ.

11 ಹಾಡುಗಳಾಗಿವೆ. 12ನೆಯದರ ಎರಡನೆಯ ನುಡಿ ನೆನಪಾಗುತ್ತಿಲ್ಲ ಎಂದು ಮೊನ್ನೆ ಹೇಳಿದಳು. ಬೆಳಗಿನ ಜಾವ ಬರಬಹುದು, ಆಗ ಫೋನ್ ಮಾಡುತ್ತೇನೆ ಎಂದಿದ್ದಾಳೆ. ಆದ್ದರಿಂದ ಈಗ ರಾತ್ರಿ ಮೊಬೈಲನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತೇನೆ.

ಇನ್ನು ನಾನು ಮಾತು ನಿಲ್ಲಿಸಿ ಮೊಲ್ಲಿ ಡ್ರೇಕ್‌ಳ ಆ ಹಾಡನ್ನು ಹಾಕುತ್ತೇನೆ, ಬೆಳಕು ಮತ್ತು ಹೊಗೆಯ ಹಾಡು. ಅದರ ಹಿಂದೆಯೇ ಆಯಿಯದು ಬರುತ್ತದೆ. ಕಿಟಕಿಯ ಬಳಿ ಕುಳಿತವರು ಪಕ್ಕದ ಸ್ವಿಚ್ ಒತ್ತಿ ಫ್ಯಾನ್ ನಿಲ್ಲಿಸಿ. ಸ್ವಲ್ಪ ಸೆಕೆಯಾದೀತು. ಎರಡೂ ದನಿಗಳು ಮೆಲ್ಲಗಿವೆ.